ಕೆಂಪು ಪೀಪಾಯಿಯ ಹತ್ತಿರ ನಿಲ್ಲುವ ಮೋಟಾರು

ನಮ್ಮ ಹಳೆಯ ಮೋಟಾರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಅದರ ಮೇಲೆ ಅಷ್ಟಕ್ಕಷ್ಟೆ. ದೋಣಿಯ ಹಿಂಬದಿಗೆ ಕಚ್ಚಿಕೊಂಡು ಕೂತಿದ್ದ ಆ ಮುದಿ ಯಂತ್ರದ ಹಗ್ಗವನ್ನು ನಾನು ಎಳೆದರೆ ಒಮ್ಮೆ ಕೆಮ್ಮಿ, ಒಂದು ಬಾಯಿ ಹೊಗೆಯನ್ನು ನನ್ನ ಮುಖಕ್ಕೇ ಬಿಟ್ಟು ಸುಮ್ಮನಾಗುತ್ತಿತ್ತು. ಮತ್ತೆ ಎಳೆದರೆ ಕೆಮ್ಮೂ ಇಲ್ಲ. ಅದೇ ನಮ್ಮ ಮನೆಯವರು ಬಂದು, ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಉಂಡೆಯನ್ನು ಹಿಂಡಿ, ಚೋಕ್ ಎಳೆದು, ಮೋಟಾರಿನ ನೆತ್ತಿಯನ್ನು ಮೆಲ್ಲಗೆ ತಟ್ಟಿ, "ಏಳಪ್ಪಾ, ಹೊತ್ತಾಯ್ತು" ಎಂದು ಹಗ್ಗಕ್ಕೆ ಕೈ ಹಾಕಿದರೆ ಸಾಕು, ಶಾಲೆಗೆ ಹೊರಟ ಜಾಣ ಮಗುವಿನ ಹಾಗೆ ಎದ್ದುಬಿಡುತ್ತಿತ್ತು. ನನ್ನ ಹೊಟ್ಟೆ ಉರಿಯದೆ ಏನಾದೀತು? ದೋಣಿ ನನ್ನದು, ಬ್ರೆಡ್ಡು ನನ್ನದು, ಗಿರಾಕಿಗಳು ನನ್ನವರು. ಹೊರಡುವುದಕ್ಕೆ ಮಾತ್ರ ಗಂಡ ಬೇಕು.

ನಾನು ಬೇಕರಿಯವಳು. ಅವರು ಗಡಿಯಾರ ರಿಪೇರಿ ಮಾಡುವವರು. ಇಬ್ಬರದೂ ಒಂದೇ ಕಟ್ಟಡ: ಹಿಂದುಗಡೆ ನನ್ನ ಭಟ್ಟಿ, ರಸ್ತೆಯ ಕಡೆಗೆ ಬೀರುವಿನಷ್ಟೇ ಅಗಲದ ಅವರ ಅಂಗಡಿ, ಮೇಲೆ ಮನೆ, ಮನೆಯ ಕಿಟಕಿಯಲ್ಲಿ ದಿನವಿಡೀ ನಮ್ಮತ್ತೆ. ನೋಡಿದವರು, "ಪುಣ್ಯ ಮಾಡಿದ್ದೀರಮ್ಮಾ, ಗಂಡ ಹೆಂಡತಿ ಇಡೀ ದಿನ ಒಟ್ಟಿಗೇ ಇರ್ತೀರಿ" ಎನ್ನುತ್ತಾರೆ. ಎಲ್ಲಿಯ ಒಟ್ಟಿಗೆ? ನಾನು ಹಿಟ್ಟು ನಾದಲು ಏಳುವಾಗ ಅವರಿಗೆ ಗಾಢ ನಿದ್ದೆ. ಅವರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗಾಜನ್ನು ತೆಗೆದಿಟ್ಟು ಮಹಡಿಗೆ ಬರುವಾಗ ನನಗೆ ಗಾಢ ನಿದ್ದೆ. ನಡುವೆ ಅವರ ಮೇಜಿನ ಮೇಲೆ ಯಾರದೋ ಕೈಗಡಿಯಾರದ ಕರುಳೆಲ್ಲ ಹರಡಿಕೊಂಡಿರುತ್ತದೆ. ಹತ್ತಿರ ಹೋಗಿ ಉಸಿರು ಬಿಟ್ಟರೆ, "ಸ್ಕ್ರೂ ಹಾರುತ್ತೆ ಕಣೇ, ಆಚೆ ಹೋಗು" ಅನ್ನುತ್ತಾರೆ. ಎಷ್ಟೋ ದಿನ ನಾವಿಬ್ಬರೂ ಮನೆಯಲ್ಲಿ ಆಡಿದ ಮಾತೆಂದರೆ "ಊಟ ಆಯ್ತಾ", "ಆಯ್ತು", ಅಷ್ಟೆ.

ಉಳಿದದ್ದು ದೋಣಿ.

ನಮ್ಮ ಊರಿಗೂ ಆಚೆ ದಡಕ್ಕೂ ನಡುವೆ ಒಂದು ಕೊಲ್ಲಿ ಇದೆ. ಆಚೆ ದಡದಲ್ಲಿ ಹಡಗು ರಿಪೇರಿಯ ಕಾರ್ಖಾನೆ, ಅದರ ಪಕ್ಕದಲ್ಲೇ ಕೆಲಸಗಾರರ ಹಾಸ್ಟೆಲ್ಲು. ಅವರ ಬೆಳಗಿನ ತಿಂಡಿಗೆ ನನ್ನ ಬ್ರೆಡ್ಡು, ಬನ್ನು ಹೋಗಬೇಕು, ಅದೂ ಬಿಸಿಬಿಸಿಯಾಗಿ. ಬೇಕರಿಯ ಅರ್ಧ ಉಸಿರು ಆ ಹಾಸ್ಟೆಲ್ಲು. ರಸ್ತೆಯಲ್ಲಿ ಕೊಲ್ಲಿಯನ್ನು ಸುತ್ತಿ ಹೋದರೆ ಬ್ರೆಡ್ಡು ಕಲ್ಲಾಗುತ್ತದೆ. ನೀರಿನ ಮೇಲೆ ಹೋದರೆ ಒಂದು ಲೋಟ ಟೀ ಆರುವುದರೊಳಗೆ ತಲುಪಬಹುದು. ಮೋಟಾರು ನಿಲ್ಲದಿದ್ದರೆ.

ಮೋಟಾರು ನಿಲ್ಲುತ್ತಿತ್ತು. ದಿನಾ ಅಲ್ಲ, ಆದರೆ ವಾರದಲ್ಲಿ ಒಂದಲ್ಲ ಒಂದು ದಿನ, ಹಡಗುಗಳಿಗೆ ದಾರಿ ತೋರಿಸಲು ನೀರಿನಲ್ಲಿ ತೇಲಿಬಿಟ್ಟಿರುವ ಕೆಂಪು ಪೀಪಾಯಿಯ ಹತ್ತಿರ, ಕೊಲ್ಲಿಯ ನಟ್ಟನಡುವೆ. ನನ್ನವರು ಜೇಬಿನಿಂದ ಗಡಿಯಾರ ತೊಳೆಯುವ ಸಣ್ಣ ಬ್ರಷ್ಷು ತೆಗೆದು, "ಕಾರ್ಬುರೇಟರಲ್ಲಿ ಕಸ" ಎಂದು ಡಾಕ್ಟರ ಗಾಂಭೀರ್ಯದಲ್ಲಿ ಹೇಳುತ್ತಿದ್ದರು. ಕಾರ್ಬುರೇಟರ್ ಎಂದರೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಉಣಿಸುವ ಮುಷ್ಟಿಗಾತ್ರದ ಡಬ್ಬಿ. ಅದರೊಳಗೆ ಕೂದಲೆಳೆ ತೂರುವಷ್ಟು ಸಣ್ಣ ತೂತುಗಳಿವೆ. ಅದನ್ನು ಬಿಚ್ಚಿ, ಊದಿ, ತಿಕ್ಕಿ, ಬೆಳಕಿಗೆ ಹಿಡಿದು ನೋಡಿ ಮತ್ತೆ ಜೋಡಿಸುವವರೆಗೆ ದೋಣಿ ಸುಮ್ಮನೆ ತೂಗುತ್ತಿತ್ತು.

ನಾನು ಮೊದಲು ಬೈಯುತ್ತಿದ್ದೆ. ಬೈಗುಳದಲ್ಲಿ ನನ್ನದು ಎತ್ತಿದ ಕೈ. ಮೋಟಾರಿಗೆ, ಅದನ್ನು ಮಾಡಿದವನಿಗೆ, ಮಾರಿದವನಿಗೆ, ಕೊಂಡ ನಮ್ಮ ಮಾವನವರಿಗೆ ಕ್ರಮವಾಗಿ ಹಿಡಿಶಾಪ ಹಾಕಿ, ಉಸಿರು ಸೋತ ಮೇಲೆ ಕ್ರೇಟಿನ ಬಟ್ಟೆ ಸರಿಸಿ ಒಂದು ಬನ್ನು ತೆಗೆದು ಮುರಿಯುತ್ತಿದ್ದೆ. ಅರ್ಧ ಅವರಿಗೆ, ಅರ್ಧ ನನಗೆ. ಆಮೇಲೆ ಮಾತು. ಅತ್ತೆಯ ಹೊಸ ಹಲ್ಲಿನ ಸೆಟ್ಟಿನ ಬಗ್ಗೆ, ಕಿಟಕಿಗೆ ಯಾವ ಬಣ್ಣ ಹೊಡೆಸಬೇಕು ಎನ್ನುವುದರ ಬಗ್ಗೆ, ಮದುವೆಗೆ ಮುಂಚೆ ಅವರು ನನ್ನನ್ನು ನೋಡಲು ಬಂದಾಗ ನನ್ನ ತಂಗಿಯನ್ನೇ ಹೆಣ್ಣು ಎಂದುಕೊಂಡದ್ದರ ಬಗ್ಗೆ. ನನ್ನ ಗಂಡನಿಗೆ ಹಾಡು ಬರುತ್ತದೆ ಎನ್ನುವುದು ನನಗೆ ಗೊತ್ತಾದದ್ದೇ ಆ ಪೀಪಾಯಿಯ ಹತ್ತಿರ. ನಿಜ ಹೇಳುತ್ತೇನೆ, ನನ್ನ ದಿನದಲ್ಲಿ ಅಷ್ಟು ಸುಖದ ಹೊತ್ತು ಇನ್ನೊಂದಿರಲಿಲ್ಲ. ಆದರೆ ಬಾಯಿಬಿಟ್ಟು ಹೇಳುವುದು ಹೇಗೆ? ಕಾಲ ಬುಡದಲ್ಲಿ ಬ್ರೆಡ್ಡು ಆರುತ್ತಿತ್ತು.

ಹಾಸ್ಟೆಲ್ಲಿನ ಅಡುಗೆಯಮ್ಮ ಬ್ರೆಡ್ಡನ್ನು ಕೈಯಲ್ಲಿ ಮುಟ್ಟಿ ನೋಡುವವಳಲ್ಲ. ಕೆನ್ನೆಗೆ ಒತ್ತಿಕೊಂಡು ನೋಡುತ್ತಾಳೆ. ಒಂದು ಬೆಳಿಗ್ಗೆ ಹಾಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ತೆರೆದು ಹೇಳಿದಳು.

"ನೋಡಮ್ಮಾ, ನಿನ್ನ ಕೈರುಚಿಗೆ ನಾನು ಎರಡು ಮಾತಾಡಲ್ಲ. ಆದ್ರೆ ಹಿಂಗೇ ತಣ್ಣಗಿರೋದನ್ನ ತರ್ತಾ ಇದ್ರೆ ನಾಳೆಯಿಂದ ಲಾರಿ ಬ್ರೆಡ್ ತರಿಸ್ಬಿಡ್ತೀನಿ. ಅದೂ ತಣ್ಣಗೇ ಇರುತ್ತೆ, ಆದ್ರೆ ಟೈಮಿಗೆ ಬರುತ್ತೆ."

ಅದೇ ವಾರ ಹಳೆಯ ಮೋಟಾರು ದೋಣಿ ಕಟ್ಟುವ ದಕ್ಕೆಯಲ್ಲೇ ಒಂದು ದೊಡ್ಡ ಸದ್ದು ಮಾಡಿ, ಹೊಟ್ಟೆಯೊಳಗೆ ಏನನ್ನೋ ಮುರಿದುಕೊಂಡು ಸತ್ತಿತು. ಈ ಸಲ ಬ್ರಷ್ಷಿಗೆ ಬಗ್ಗುವಂಥದ್ದಲ್ಲ. ನನ್ನವರು ಅದನ್ನು ಹೆಗಲ ಮೇಲೆ ಹೊತ್ತು ಮೋಟಾರಿನ ಅಂಗಡಿಗೆ ನಡೆದರು. ನಾನು ಹಿಂದೆ ಹಿಂದೆ ಹೋದೆ. ದಾರಿಯಲ್ಲಿ ಕಂಡವರೆಲ್ಲ ಪಾಪ ಎನ್ನುವ ಮುಖ ಮಾಡಿದರು.

ಅಂಗಡಿಯವನನ್ನು ಊರೆಲ್ಲ ಕರೆಯುವುದು ಗ್ಯಾರಂಟಿ ಎಂದೇ. ಮೋಟಾರಿಗೂ ಗ್ಯಾರಂಟಿ, ನಾಳೆಯ ಹವೆಗೂ ಗ್ಯಾರಂಟಿ, ಎದುರು ಮನೆಯ ಹುಡುಗಿಗೆ ಗಂಡು ಸಿಗುವುದಕ್ಕೂ ಗ್ಯಾರಂಟಿ. ಅವನು ಹಳೆಯದನ್ನು ನೋಡಿ, "ಇದರ ಕಥೆ ಮುಗೀತು ಅಣ್ಣಾ, ಗ್ಯಾರಂಟಿ" ಎಂದ. ಅದೊಂದು ಗ್ಯಾರಂಟಿಯನ್ನು ಮಾತ್ರ ನಾವು ಅನುಮಾನಿಸಲಿಲ್ಲ.

ಅಂಗಡಿಯಲ್ಲಿ ಎರಡು ಹೊಸ ಮೋಟಾರುಗಳು ಅಕ್ಕಪಕ್ಕದ ಸ್ಟ್ಯಾಂಡಿನಲ್ಲಿ ನಿಂತಿದ್ದವು. ಒಂದು ಕಾರ್ಬುರೇಟರಿನದು. ಇನ್ನೊಂದು ಫ್ಯುಯಲ್ ಇಂಜೆಕ್ಷನ್ನಿನದು. ಹೊರಗಿನಿಂದ ಅವಳಿಜವಳಿ.

"ಇದರಲ್ಲಿ ಚೋಕ್ ಇಲ್ಲ, ಕಾರ್ಬುರೇಟರ್ ಇಲ್ಲ," ಎಂದು ಗ್ಯಾರಂಟಿ ಇಂಜೆಕ್ಷನ್ನಿನದರ ಬೆನ್ನು ಸವರಿದ. "ಎಷ್ಟು ಪೆಟ್ರೋಲ್ ಬೇಕು, ಎಷ್ಟು ಗಾಳಿ ಬೇಕು, ಅದೇ ನೋಡ್ಕೊಂಡು ಚಿಮ್ಮಿಸ್ಕೊಳ್ಳುತ್ತೆ. ಎಣ್ಣೆ ಕಡಿಮೆ ಕುಡಿಯುತ್ತೆ. ಚಳಿ ಇರ್ಲಿ, ಮಂಜಿರ್ಲಿ, ಒಂದೇ ಎಳೆತ."

ನನ್ನವರು ಮೋಟಾರನ್ನು ಒಂದು ಸುತ್ತು ಹಾಕಿದರು. "ಬಿಚ್ಚೋದು ಎಲ್ಲಿ?"

"ಬಿಚ್ಚೋ ಅಗತ್ಯಾನೇ ಇಲ್ಲ ಅಣ್ಣಾ."

"ಕೆಟ್ರೆ?"

"ಕೆಡಲ್ಲ."

"ಅಲ್ಲಪ್ಪಾ, ಕೆಟ್ರೆ ಅಂತ ಇಟ್ಕೋ."

"ಇಲ್ಲಿಗೆ ತನ್ನಿ, ಕಂಪ್ಯೂಟರ್ ಸಿಕ್ಕಿಸಿ ನೋಡ್ತೀನಿ. ಏನಾಗಿದೆ ಅಂತ ಅದೇ ಹೇಳುತ್ತೆ."

"ಅದೇ ಹೇಳೋದಾದ್ರೆ ಮನುಷ್ಯ ಯಾಕೆ?" ಎಂದು ನನ್ನವರು ಕಾರ್ಬುರೇಟರಿನ ಮೋಟಾರಿನ ಕಡೆ ತಿರುಗಿದರು. ಅದರ ಮುಚ್ಚಳ ಎತ್ತಿ ಒಳಗೆ ಇಣುಕಿದಾಗ ಅವರ ಮುಖ ತವರುಮನೆಗೆ ಬಂದವರ ಹಾಗೆ ಅರಳಿತು. "ಇದು ನೋಡು. ಎಲ್ಲಾ ಕಣ್ಣಿಗೆ ಕಾಣುತ್ತೆ. ಹಗುರ. ಕೆಟ್ರೆ ನಡುನೀರಲ್ಲೂ ಕೈ ಹಾಕ್ಬಹುದು."

"ಕೈ ಹಾಕಿ ಹಾಕಿನೇ ಲಾರಿ ಬ್ರೆಡ್ ಮನೆ ಬಾಗಿಲಿಗೆ ಬಂದಿರೋದು," ಎಂದೆ ನಾನು.

ಗ್ಯಾರಂಟಿ ನನ್ನನ್ನು ಅಂಗಡಿಯ ಹಿತ್ತಲಿಗೆ ಕರೆದ. ಅಲ್ಲಿ ನೀರು ತುಂಬಿದ ಡ್ರಮ್ಮಿಗೆ ಇನ್ನೊಂದು ಇಂಜೆಕ್ಷನ್ ಮೋಟಾರನ್ನು ಇಳಿಸಿದ್ದ. "ಅಕ್ಕಾ, ನೀವೇ ಎಳೀರಿ."

"ನನ್ನ ಕೈಗೆ ಮೋಟಾರು ಬಗ್ಗಲ್ಲಪ್ಪ."

"ಎಳೀರಿ ಅಂದ್ನಲ್ಲ."

ಎಳೆದೆ. ಅಷ್ಟೆ, ಹೊರಟಿತು. ಕೆಮ್ಮಲಿಲ್ಲ, ಹೊಗೆ ಬಿಡಲಿಲ್ಲ, ನನ್ನ ಯೋಗ್ಯತೆ ಅಳೆಯಲಿಲ್ಲ. ಡ್ರಮ್ಮಿನ ನೀರು ಕುದಿಯುತ್ತಿತ್ತು, ನಾನು ಹಗ್ಗ ಹಿಡಿದುಕೊಂಡು ಚಿಕ್ಕ ಹುಡುಗಿಯ ಹಾಗೆ ಕುಣಿಯುತ್ತಿದ್ದೆ. "ರೀ, ನೋಡಿದ್ರಾ? ನಾನೇ! ನಾನೇ ಎಳೆದೆ ರೀ!" ನಿಲ್ಲಿಸಿ ಇನ್ನೊಮ್ಮೆ ಎಳೆದೆ. ಮತ್ತೆ ಹೊರಟಿತು. ನನ್ನ ದೋಣಿಯನ್ನು ನಾನೇ ಹೊರಡಿಸಬಹುದು ಎನ್ನುವ ಸಂತೋಷ ಅಂಗಾಲಿನಿಂದ ನೆತ್ತಿಯವರೆಗೆ ಹರಿಯಿತು.

ತಿರುಗಿ ನೋಡಿದರೆ ನನ್ನವರು ಬಾಗಿಲಲ್ಲಿ ನಿಂತಿದ್ದರು. ಕೈ ಜೇಬಿನಲ್ಲಿತ್ತು, ಬ್ರಷ್ಷಿನ ಮೇಲೆ.

"ಚೆನ್ನಾಗಿದೆ," ಎಂದರು. "ಇನ್ಮೇಲೆ ನಾನ್ಯಾಕೆ? ಅಂಗಡೀಲಿ ಕೂತಿರ್ತೀನಿ. ಕೆಲಸಾನೂ ಬೇಕಾದಷ್ಟಿದೆ."

ನನ್ನ ಕುಣಿತ ಅಲ್ಲಿಗೇ ನಿಂತಿತು. ಅವರು ಸುಮ್ಮನೆ ಬಾಯಿಮಾತಿಗೆ ಹೇಳಿರಲಿಲ್ಲ. ಈ ಮೋಟಾರು ಬಂದರೆ ಬ್ರೆಡ್ಡು ಬಿಸಿಯಾಗಿ ತಲುಪುತ್ತದೆ, ದೋಣಿಯಲ್ಲಿ ನಾನೊಬ್ಬಳೇ. ಆ ಮೋಟಾರು ಬಂದರೆ ಅವರಿರುತ್ತಾರೆ, ಅರ್ಧ ಬನ್ನೂ ಹಾಡೂ ಇರುತ್ತದೆ, ಹಾಸ್ಟೆಲ್ಲು ಇರುವುದಿಲ್ಲ. ಹೀಗೊಂದು ಇಕ್ಕಟ್ಟಿನಲ್ಲಿ ದೇವರು ಬೇಕರಿಯವರನ್ನು ಯಾಕೆ ಸಿಕ್ಕಿಸುತ್ತಾನೋ.

ಕೊನೆಗೆ ಗ್ಯಾರಂಟಿಯೇ ದಾರಿ ಹೇಳಿದ. ಕಾರ್ಬುರೇಟರಿನದನ್ನು ಕೆಲವು ದಿನ ಓಡಿಸಿ ನೋಡುವುದು, ಒಗ್ಗದಿದ್ದರೆ ವಾಪಸು ಕೊಟ್ಟು ಇನ್ನೊಂದನ್ನು ಒಯ್ಯುವುದು. "ಹೊಸದು ಯಾವುದಾದ್ರೂ ನಿಲ್ಲಲ್ಲ ಅಕ್ಕಾ. ಗ್ಯಾರಂಟಿ." ನಾನು ಒಪ್ಪಿದೆ. ಹೊಸ ಕಾರ್ಬುರೇಟರೂ ನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದಾಯಿತಲ್ಲ ಎಂಬ ಆಸೆ ನನಗೆ. ಮೋಟಾರು ಹೊಸದು, ಪೆಟ್ರೋಲ್ ಟ್ಯಾಂಕು ಮಾತ್ರ ನಮ್ಮ ಹಳೆಯದೇ.

ಆರಂಭದಲ್ಲಿ ಎಲ್ಲ ಸೊಗಸಾಗಿತ್ತು. ಹಗ್ಗ ಎಳೆಯಲು ಇದಕ್ಕೂ ಅವರೇ ಬೇಕಿತ್ತು, ಚೋಕಿನ ಲೆಕ್ಕಾಚಾರ ನನ್ನ ಕೈಗೆ ಕೂರಲಿಲ್ಲ. ಆದರೆ ಒಮ್ಮೆ ಹೊರಟರೆ ಗುಂಯ್ ಎಂದು ಕೆಂಪು ಪೀಪಾಯಿಯನ್ನು ದಾಟಿಸಿ ಹಾಸ್ಟೆಲ್ಲಿಗೆ ಮುಟ್ಟಿಸುತ್ತಿತ್ತು. ಅಡುಗೆಯಮ್ಮ ಕೆನ್ನೆಯಿಂದ ಬ್ರೆಡ್ಡು ತೆಗೆಯಲೇ ಮನಸ್ಸಿಲ್ಲದವಳ ಹಾಗೆ ನಿಂತಿರುತ್ತಿದ್ದಳು. ಗೆದ್ದೆ ಎಂದುಕೊಂಡೆ. ಪೀಪಾಯಿ ಹಿಂದೆ ಸರಿಯುವಾಗ ಮಾತ್ರ ಏನೋ ಮರೆತು ಬಂದ ಹಾಗೆ ಆಗುತ್ತಿತ್ತು. ಇವರೂ ತುಟಿ ಬಿಚ್ಚುತ್ತಿರಲಿಲ್ಲ.

ಒಂದು ಬೆಳಿಗ್ಗೆ, ಪೀಪಾಯಿಯ ಹತ್ತಿರ, ಹೊಚ್ಚಹೊಸ ಮೋಟಾರು ಮುಗ್ಗರಿಸಿ ನಿಂತಿತು.

"ಕಾರ್ಬುರೇಟರಲ್ಲಿ ಕಸ," ಎಂದರು ನನ್ನವರು. ದನಿಯಲ್ಲಿ ದುಃಖ ಒಂದು ಚೂರೂ ಇರಲಿಲ್ಲ. ಬ್ರಷ್ಷು ಆಗಲೇ ಕೈಗೆ ಬಂದಿತ್ತು. ನಾನು ಬೈದೆ, ಆದರೆ ಯಾಕೋ ಬೈಗುಳ ಬೇಗ ಮುಗಿಯಿತು. ಬನ್ನು ಮುರಿದೆ. ಇವರು ಹಾಡಿದರು. ಹಾಸ್ಟೆಲ್ಲು ಮುಟ್ಟಿದಾಗ ತಿಂಡಿಯ ಗಂಟೆ ಹೊಡೆದು ಎಲ್ಲರೂ ತಟ್ಟೆ ಹಿಡಿದು ಕೂತಿದ್ದರು. ಅಡುಗೆಯಮ್ಮ ಬ್ರೆಡ್ಡನ್ನು ಕೆನ್ನೆಗೆ ಒತ್ತಿಕೊಳ್ಳಲೂ ಇಲ್ಲ. "ಇದು ಕೊನೇ ಸಲ, ಇನ್ನೊಮ್ಮೆ ಆರಿದ್ರೆ ಲಾರಿ ಬ್ರೆಡ್ಡೇ," ಎಂದು ಬೆರಳು ತೋರಿಸಿ ಒಳಗೆ ಹೋದಳು.

ನಾನು ಮೋಟಾರನ್ನು ಗ್ಯಾರಂಟಿಯ ಮುಂದೆ ಕುಕ್ಕಿದೆ. ಅವನಿಗೆ ಮೈಯೆಲ್ಲ ಉರಿದುಹೋಯಿತು. ಡ್ರಮ್ಮಿಗೆ ಇಳಿಸಿ ಮಧ್ಯಾಹ್ನವೆಲ್ಲ ಓಡಿಸಿದ. ಅದು ಒಂದು ಸಲವೂ ತಡವರಿಸಲಿಲ್ಲ.

"ಮೋಟಾರಲ್ಲಿ ಏನೂ ಇಲ್ಲ ಅಕ್ಕಾ. ನಿಮ್ಮ ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿ ತಿರುಪು ಇರುತ್ತಲ್ಲ, ಅದನ್ನ ಬಿಚ್ಚಿ ತಾನೇ ಓಡ್ಸೋದು?"

"ಯಾವ ತಿರುಪು?"

"ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರ್ಬೇಕಲ್ಲ. ತಿರುಪು ಮುಚ್ಚಿದ್ರೆ ಸ್ವಲ್ಪ ದೂರ ಹೋಗಿ, ಎಣ್ಣೆ ಸಿಗದೆ ನಿಂತ್ಬಿಡುತ್ತೆ. ಅಣ್ಣನಿಗೆ ಗೊತ್ತಿರುತ್ತೆ ಬಿಡಿ."

ಭಟ್ಟಿಯ ಗಾಳಿಕಿಂಡಿ ಮುಚ್ಚಿದರೆ ಬೆಂಕಿ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಎಷ್ಟು ದೂರ? ನಮ್ಮ ದಕ್ಕೆಯಿಂದ ಕೆಂಪು ಪೀಪಾಯಿಯವರೆಗಿನಷ್ಟು ದೂರವೇ?

ಮನೆಗೆ ಬಂದು ಧುಮುಗುಟ್ಟುತ್ತಾ ಅತ್ತೆಗೆ ಎಲ್ಲ ಹೇಳಿದೆ. ಅವರು ಕಿಟಕಿಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡರು.

"ಅಲ್ವೇ," ಎಂದರು ಆಮೇಲೆ, "ನನ್ನ ಮಗ ಕೈ ಹಾಕಿದ ಗಡಿಯಾರ ಮತ್ತೆ ನಿಂತು ವಾಪಸ್ ಬಂದಿದ್ದನ್ನ ನೀನು ಯಾವತ್ತಾದ್ರೂ ನೋಡಿದ್ದೀಯಾ?"

"ಇಲ್ಲ."

"ನಾನೂ ನೋಡಿಲ್ಲ. ಹಂಗಾದ್ರೆ ಅವನು ಕೈ ಹಾಕಿದ ಮೋಟಾರು ಮಾತ್ರ ಯಾಕೆ ವಾರ ವಾರ ನಿಲ್ತಿತ್ತು ಅಂತ ಕೇಳ್ಕೋ. ನನ್ನನ್ನ ಅಲ್ಲ, ಅವನನ್ನ." ಎಂದು ಹಲ್ಲಿನ ಸೆಟ್ಟು ಸರಿಮಾಡಿಕೊಂಡು ಮತ್ತೆ ರಸ್ತೆ ನೋಡತೊಡಗಿದರು.

ಕೇಳುವುದಕ್ಕೆ ನನಗೇನು ದಾಡಿ? ಆದರೆ ಕೇಳಿದರೆ ನನ್ನ ಗಂಡ ಬಾಯಿಗೆ ಬೀಗ ಹಾಕಿಕೊಳ್ಳುವ ಆಸಾಮಿ. ಆದ್ದರಿಂದ ಕೇಳಲಿಲ್ಲ. ಮೋಟಾರನ್ನು ಮತ್ತೆ ದೋಣಿಗೆ ಕಟ್ಟಿಸಿದೆ. ಮರುದಿನ ಬೆಳಿಗ್ಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವರ ಕೈಯನ್ನೇ ನೋಡುತ್ತಿದ್ದೆ. ಅಡುಗೆಯಮ್ಮನ ಬೆರಳಿಗೆ ಹೆದರಿದ್ದರೋ ಏನೋ, ಮುಚ್ಚಳದ ತಿರುಪನ್ನು ಪೂರ್ತಿ ಬಿಚ್ಚಿದರು. ಬ್ರೆಡ್ಡು ಹೊತ್ತಿಗೆ ಸರಿಯಾಗಿ ತಲುಪಿತು. ಅವರು ಕ್ರೇಟುಗಳನ್ನು ಒಳಗೆ ಹೊತ್ತು ಹಾಕುತ್ತಿದ್ದಾಗ ನಾನು ದೋಣಿಯ ಹಿಂಬದಿಗೆ ಹೋಗಿ, ಟ್ಯಾಂಕಿನ ಮುಚ್ಚಳದ ಆ ಪುಟ್ಟ ತಿರುಪನ್ನು ಬಿಗಿಯಾಗಿ ತಿರುಗಿಸಿ ಮುಚ್ಚಿ, ಏನೂ ಅರಿಯದವಳ ಹಾಗೆ ಮುಂದೆ ಬಂದು ಕೂತೆ.

ವಾಪಸು ಬರುವಾಗ ಕೆಂಪು ಪೀಪಾಯಿಯ ಹತ್ತಿರ ಮೋಟಾರು ನಿಂತಿತು.

ನನ್ನವರ ಮುಖ ನೋಡಬೇಕಿತ್ತು. "ಕಾರ್ಬುರೇಟರಲ್ಲಿ ಕಸ" ಎನ್ನಲಿಲ್ಲ. ರಬ್ಬರ್ ಉಂಡೆ ಹಿಂಡಿದರು. ಹಗ್ಗ ಎಳೆದರು. ಕಾರ್ಬುರೇಟರ್ ಬಿಚ್ಚಿ ನೋಡಿದರು, ಒಳಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಊದಿದರು. ಮತ್ತೆ ಎಳೆದರು. ಹಣೆಯ ಮೇಲೆ ಬೆವರು. ಎಷ್ಟೋ ವರ್ಷದಲ್ಲಿ ಮೊದಲ ಸಲ ನಡುನೀರಿನಲ್ಲಿ ಅವರಿಗೆ ಮೋಟಾರು ನಿಜವಾಗಿಯೂ ನಿಂತಿತ್ತು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೆ.

"ಏನ್ರೀ, ಮತ್ತೆ ನಿಲ್ಲಿಸಿದ್ರಾ?"

"ಇಲ್ಲ ಕಣೇ! ಇವತ್ತು ನಾನೇನೂ ಮಾಡಿಲ್ಲ! ಆಣೆ!"

"ಇವತ್ತು?" ಎಂದೆ.

ದೋಣಿ ತೂಗಿತು. ಅವರು ನಾಲಿಗೆ ಕಚ್ಚಿಕೊಂಡರು. ಆಮೇಲೆ ಮೆಲ್ಲಗೆ ಟ್ಯಾಂಕಿನ ಕಡೆ ನೋಡಿದರು, ತಿರುಪು ಮುಟ್ಟಿದರು. ಮುಚ್ಚಿದ್ದನ್ನು ನೋಡಿ ನನ್ನತ್ತ ನೋಡಿದರು. ಕಿವಿಯವರೆಗೂ ಕೆಂಪಾಗಿದ್ದರು.

"ಎಷ್ಟು ದಿನದಿಂದ?" ನನ್ನ ದನಿ ಏರಿತು. "ಆ ಅಡುಗೆಯಮ್ಮನ ಹತ್ರ ನಾನು ತಿಂದಿರೋ ಬೈಗುಳ ನಿಮಗೆ ಗೊತ್ತಾ? ಆರಿದ ಬ್ರೆಡ್ ನೋಡಿ ಬಾತ್ರೂಮಲ್ಲಿ ಕೂತು ಅತ್ತಿದ್ದೀನಿ ರೀ ನಾನು! ಯಾಕೆ ಹಿಂಗೆ ಮಾಡಿದ್ರಿ? ಯಾಕೆ?"

"ಬೇಗ ತಿರುಪು ಬಿಚ್ಚಿ ಹೊರಡಿಸ್ಬೇಕು ಅಂತಾನೇ ಇರ್ತಿದ್ದೆ. ನೀನು ಬನ್ ಮುರೀತಿದ್ದೆ, ಆಮೇಲೆ ಹೊತ್ತು ಹೋಗಿದ್ದೇ ಗೊತ್ತಾಗ್ತಿರ್ಲಿಲ್ಲ."

"ಈಗ ನನ್ನ ತಲೆಗೇ ಕಟ್ಟಿ! ಯಾಕೆ ಅಂತ ಕೇಳಿದ್ದು ನಾನು."

ಅವರು ಎದ್ದು ನಿಂತರು. ನನ್ನ ಗಂಡ ದನಿ ಏರಿಸಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿಲ್ಲ, ಆಮೇಲೂ ಕೇಳಿಲ್ಲ. "ಇನ್ನೆಲ್ಲಿ ಸಿಗ್ತೀಯೇ ನೀನು? ನಿನ್ನ ಜೊತೆ ಕೂತ್ಕೊಳ್ಳೋಕೆ ಮಾಡ್ದೆ! ಅಷ್ಟೇ! ಕೂತ್ಕೊಳ್ಳೋಕೆ!"

ನೀರಿನ ಮೇಲೆ ಮಾತು ದೂರ ಹೋಗುತ್ತದೆ. ಆಚೆ ಬಲೆ ಎಳೆಯುತ್ತಿದ್ದ ದೋಣಿಯಲ್ಲಿ ಎಲ್ಲರೂ ಕೈ ನಿಲ್ಲಿಸಿ ನಮ್ಮ ಕಡೆ ತಿರುಗಿದರು. ಯಾರೋ ಒಬ್ಬ, "ಕೂರಿಸ್ಕೋ ಅಕ್ಕಾ, ಪಾಪ!" ಎಂದು ಕೂಗಿದ. ಇವರು ದೊಪ್ಪನೆ ಕೂತುಬಿಟ್ಟರು.

"ನನ್ನ ಕೆಲಸಾನೇ ಹಾಗೆ," ಎಂದರು, ಈಗ ನನಗೆ ಮಾತ್ರ ಕೇಳುವಂತೆ. "ನಿಂತು ಹೋದದ್ದನ್ನ ತಾನೇ ಜನ ನನ್ನ ಹತ್ರ ತರೋದು. ಓಡೋ ಗಡಿಯಾರ ಹಿಡ್ಕೊಂಡು ಯಾರೂ ನನ್ನ ಅಂಗಡಿಗೆ ಬಂದಿಲ್ಲ. ಮೋಟಾರು ಓಡ್ತಾನೇ ಇದ್ರೆ ನೀನು ನನ್ನ ಕಡೆ ತಿರುಗಿ ನೋಡ್ತೀಯಾ ಅಂತ ನನಗೆ ಹೇಗೆ ಗೊತ್ತು?"

ಕೋಪ ನನ್ನ ಮೂಗಿನ ತುದಿಯಲ್ಲೇ ಇತ್ತು, ಅಲ್ಲಿಂದ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ನಗು ಬಂತು. ಆಮೇಲೆ ಅಳು ಬಂತು. ಎರಡೂ ಒಟ್ಟಿಗೆ ಬಂದಾಗ ಮನುಷ್ಯರ ಮುಖ ಹೇಗಿರುತ್ತದೋ ಹಾಗಿತ್ತು ನನ್ನ ಮುಖ ಎಂದು ಬಲೆಯವರು ಇವತ್ತಿಗೂ ಅಣಕಿಸಿ ತೋರಿಸುತ್ತಾರೆ. ಈ ಮನುಷ್ಯ ನನ್ನನ್ನು ಇಷ್ಟು ಬಯಸುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಾಗಿ ಎದೆ ತುಂಬಿ ಬಂತು. ಆದರೆ ಬೇಕರಿಯವಳಿಗೆ ಒಂದು ಮರ್ಯಾದೆ ಇರುತ್ತದೆ. ತಿರುಪು ಬಿಚ್ಚಿ ಹೊರಡಿ ಎಂದಷ್ಟೇ ಹೇಳಿದೆ.

ದಡ ಮುಟ್ಟಿದವಳೇ ನೆಟ್ಟಗೆ ಗ್ಯಾರಂಟಿಯ ಅಂಗಡಿಗೆ ಹೋಗಿ ಫ್ಯುಯಲ್ ಇಂಜೆಕ್ಷನ್ನಿನ ಮೋಟಾರು ತಂದೆ.

ಇವರು ಅಂಗಡಿಯ ಗಾಜಿನ ಹಿಂದಿನಿಂದ ನೋಡಿದರು. ಕಣ್ಣಿನಿಂದ ಭೂತಗಾಜು ತೆಗೆದರು.

"ಅಂದ್ರೆ ನನ್ನನ್ನ ಇಳಿಸಿದೆ."

"ಕೇಳಿ ಇಲ್ಲಿ," ಎಂದೆ ನಾನು. ಸ್ಕ್ರೂ ಹಾರುತ್ತದೆಯೋ ಇಲ್ಲವೋ ಎಂದು ನೋಡದೆ ಅವರ ಮೇಜಿನ ಮೇಲೇ ಕೈ ಊರಿದೆ. "ಬ್ರೆಡ್ ಬಿಸಿಯಾಗಿ ಹೋಗ್ಬೇಕು, ಅದರಲ್ಲಿ ಮಾತಿಲ್ಲ. ಹಗ್ಗ ಎಳೆಯೋಕೆ ಇನ್ಮೇಲೆ ನೀವು ಬೇಡ. ಕಸ ತೆಗೆಯೋಕೂ ಬೇಡ. ಯಾವ ಕೆಲಸಕ್ಕೂ ಬೇಡ. ಸುಮ್ನೆ ಬರೋದಾದ್ರೆ ಬನ್ನಿ. ನನಗೋಸ್ಕರ."

ಅವರು ಮೇಜಿನ ಮೇಲೆ ಏನನ್ನೋ ಹುಡುಕುವವರಂತೆ ಬಗ್ಗಿದರು.

ಮರುದಿನ ಬೆಳಕು ಹರಿಯುವಾಗ ನಾನು ದಕ್ಕೆಯಲ್ಲಿದ್ದೆ. ಕ್ರೇಟುಗಳನ್ನು ಜೋಡಿಸಿ, ಮೇಲೆ ಬಟ್ಟೆ ಹೊದಿಸಿ, ಟ್ಯಾಂಕಿನ ತಿರುಪು ಬಿಚ್ಚಿದೆ. ಹಿಡಿಕೆಯ ಪಕ್ಕದಲ್ಲಿ ನೇತಾಡುವ ಕೆಂಪು ದಾರವನ್ನು ಗ್ಯಾರಂಟಿ ಹೇಳಿಕೊಟ್ಟಂತೆ ಮಣಿಕಟ್ಟಿಗೆ ಸಿಕ್ಕಿಸಿಕೊಂಡೆ. ಓಡಿಸುವವರು ಅಕಸ್ಮಾತ್ ನೀರಿಗೆ ಬಿದ್ದರೆ ದಾರ ಕಿತ್ತು ಬಂದು ಮೋಟಾರು ನಿಲ್ಲಲಿ ಎಂದು ಆ ದಾರ. ಹಗ್ಗ ಎಳೆದೆ. ಒಂದೇ ಎಳೆತ. ದಕ್ಕೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಮನೆಯ ಕಡೆಗೇ ಕಣ್ಣು. ಕಿಟಕಿಯಲ್ಲಿ ಅತ್ತೆ ಇದ್ದರು. ಬೀದಿ ಖಾಲಿ. ಕ್ರೇಟುಗಳಿಂದ ಆವಿ ಏಳುತ್ತಿತ್ತು, ಇನ್ನು ಕಾಯುವಂತಿರಲಿಲ್ಲ. ಬರದಿದ್ದರೆ ಬೇಡ ಎಂದು ಮನಸ್ಸಿಗೆ ಹೇಳಿದೆ; ಮನಸ್ಸು ಕೇಳಲಿಲ್ಲ. ಕಟ್ಟಿದ ಹಗ್ಗ ಬಿಚ್ಚಲು ಕೈ ಚಾಚಿದೆ.

ಆಗ ಅತ್ತೆ ಕಿಟಕಿಯಿಂದ ಕೈ ಹೊರಗೆ ಹಾಕಿ ಕೆಳಗೆ ತೋರಿಸಿದರು. ಬಾಗಿಲಿನಿಂದ ನನ್ನ ಗಂಡ ಹೊರಬಂದರು. ತಲೆ ಬಾಚಿ, ನೀರು ಹಚ್ಚಿ ಅಂಟಿಸಿ, ಮದುವೆ ಮುಂಜಿಗೆ ಹಾಕುವ ಬಿಳಿ ಅಂಗಿ ತೊಟ್ಟು, ಹೆಣ್ಣು ನೋಡಲು ಹೊರಟ ಹುಡುಗನ ಹಾಗೆ ದಕ್ಕೆಗೆ ನಡೆದು ಬಂದರು. ಅಭ್ಯಾಸಬಲದಿಂದ ಹಿಂಬದಿಗೆ ಬರಲು ಹೋಗಿ, ನಾನು ಕೂತಿರುವುದನ್ನು ನೋಡಿ ನಿಂತರು. ಆಮೇಲೆ ಮುಂದೆ ಹೋಗಿ ನನ್ನ ಜಾಗದಲ್ಲಿ, ನನಗೆ ಎದುರಾಗಿ ಕೂತು, ಬನ್ನಿನ ಕ್ರೇಟನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಈ ಬಟ್ಟೆಗೆ ಹಿಟ್ಟು ಮೆತ್ಕೊಳ್ಳುತ್ತೆ ರೀ."

"ಮೆತ್ಕೊಳ್ಳಲಿ."

ಕೆಂಪು ಪೀಪಾಯಿಯನ್ನು ನಾವು ನಿಲ್ಲದೆ ದಾಟಿದೆವು. ಅವರು ತಲೆ ತಿರುಗಿಸಿ ಅದು ಮರೆಯಾಗುವವರೆಗೂ ನೋಡಿದರು, ನಾನು ನೋಡದವಳಂತೆ ಹಿಡಿಕೆ ಹಿಡಿದುಕೊಂಡಿದ್ದೆ. ಅಡುಗೆಯಮ್ಮ ಬ್ರೆಡ್ಡನ್ನು ಕೆನ್ನೆಗೆ ಒತ್ತಿಕೊಂಡವಳೇ "ಅಯ್ಯೋ, ಸುಡ್ತು!" ಎಂದು ಕೈಬಿಟ್ಟಳು. ಸುಟ್ಟದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ. ಲಾರಿ ಬ್ರೆಡ್ಡಿನ ಮಾತು ಮತ್ತೆ ಎತ್ತಲಿಲ್ಲ.

ವಾಪಸು ಹೊರಟಾಗ ಬಿಸಿಲು ಬಿದ್ದಿತ್ತು. ಕ್ರೇಟುಗಳೆಲ್ಲ ಖಾಲಿ. ಇವರು ಕೈ ಕಟ್ಟಿಕೊಂಡು ನೀರು ನೋಡುತ್ತಿದ್ದರು. ಮೋಟಾರು ಬೆಕ್ಕಿನ ಹಾಗೆ ಮೆಲ್ಲಗೆ ಗುರುಗುಟ್ಟುತ್ತಿತ್ತು. ಪೀಪಾಯಿ ಹತ್ತಿರವಾಯಿತು. ಇನ್ನೂ ಹತ್ತಿರವಾಯಿತು. ನಾನು ಮಣಿಕಟ್ಟಿನ ಕೆಂಪು ದಾರವನ್ನು ಪಟ್ಟನೆ ಎಳೆದೆ.

ಮೋಟಾರು ನಿಂತಿತು. ಅವರ ಕೈ ತಾನಾಗಿ ಜೇಬಿಗೆ ಹೋಯಿತು.

"ಏನಾಯ್ತೇ?"

"ನಿಂತ್ಹೋಯ್ತು."

"ಇದು ನಿಲ್ಲಲ್ಲ ಅಂದ್ನಲ್ಲ ಗ್ಯಾರಂಟಿ."

"ನಿಲ್ಲಿಸಿದ್ರೆ ನಿಲ್ಲುತ್ತೆ." ನಾನು ಕಿತ್ತ ದಾರವನ್ನು ಎತ್ತಿ ತೋರಿಸಿದೆ. "ಕೆಟ್ಟಿಲ್ಲ ರೀ. ಚೆನ್ನಾಗಿ ಓಡ್ತಾ ಇದ್ದದ್ದನ್ನೇ ನಿಮ್ಮ ಹತ್ರ ತಂದಿದ್ದೀನಿ."

ಅವರು ದಾರ ನೋಡಿದರು, ನನ್ನನ್ನು ನೋಡಿದರು. ನಾನು ಹೊರಡುವಾಗಲೇ ಬಟ್ಟೆಯಲ್ಲಿ ಸುತ್ತಿ ಸೀಟಿನ ಕೆಳಗಿಟ್ಟಿದ್ದ ಬನ್ನು ತೆಗೆದು ಮುರಿದು ದೊಡ್ಡ ತುಂಡನ್ನು ಅವರ ಕೈಗೆ ಕೊಟ್ಟೆ. ನನ್ನ ಗಂಡ ತಮ್ಮ ಕೈಗಡಿಯಾರವನ್ನು ಬಿಚ್ಚಿದರು. ನಾನು ಕಂಡಂತೆ ಸ್ನಾನಕ್ಕಲ್ಲದೆ ಅದನ್ನು ಅವರು ಬಿಚ್ಚಿದ್ದಿಲ್ಲ. ಮುಳ್ಳುಗಳ ಕಡೆ ಕಣ್ಣು ಹಾಯಿಸದೆ ಜೇಬಿಗೆ ಹಾಕಿಕೊಂಡರು, ಬ್ರಷ್ಷಿನ ಪಕ್ಕಕ್ಕೆ.

"ದೊಡ್ಡ ರಿಪೇರಿ ಇದ್ದ ಹಾಗಿದೆ," ಎಂದರು. "ಹೊತ್ತು ಹಿಡಿಯುತ್ತೆ."